ಕಾರಿನಲ್ಲಿ ಪಿಸ್ತೂಲು ಇಟ್ಟುಕೊಳ್ಳಬಹುದಾ? ಟೆಕ್ಸಾಸ್‌ನಲ್ಲಿ ಇರುವವರು ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ. ನನಗೆ ಗ್ರೀನ್ ಕಾರ್ಡ್ ಬಂದ ಮೇಲೆ ಮದುವೆಯಾಯಿತು, ಹಾಗಾಗಿ ಹೆಂಡತಿ ಇನ್ನೂ ಎಚ್-1ಬಿಯಲ್ಲೇ ಇದ್ದಾಳೆ. ಕಾರು ಒಂದೇ, ಇಬ್ಬರೂ ಓಡಿಸುತ್ತೇವೆ. ಹೋದ ತಿಂಗಳು ರಾತ್ರಿ ಶಿಫ್ಟ್ ಮುಗಿಸಿ ಬರುವಾಗ ಒಬ್ಬ ಪಿಕಪ್ ಟ್ರಕ್‌ನವನು ಹೈವೇ ಇಳಿದ ಮೇಲೂ ಹಿಂದೆಯೇ ಬಂದ. ಸಿಗ್ನಲ್‌ನಲ್ಲಿ ಇಳಿದು ಬಂದು ಕಿಟಕಿ ಗಾಜು ಬಡಿದ, ಬಾಯಿಗೆ ಬಂದಂತೆ ಬೈದ. ಹಸಿರು ದೀಪ ಬಿತ್ತು, ಹೊರಟುಬಿಟ್ಟೆ. ಅವತ್ತಿನಿಂದ ಕಾರಿನಲ್ಲಿ ಒಂದು ಪಿಸ್ತೂಲು ಇರಲಿ ಅನ್ನಿಸುತ್ತಿದೆ. ಆಫೀಸಿನವರು "ಟೆಕ್ಸಾಸ್‌ನಲ್ಲಿ ಲೈಸೆನ್ಸೇ ಬೇಡ, ತಗೊಂಡು ಗ್ಲೋವ್ ಬಾಕ್ಸ್‌ನಲ್ಲಿ ಇಟ್ಕೋ" ಅಂತಾರೆ. ಬೇಸಿಗೆಯಲ್ಲಿ ಇದೇ ಕಾರಿನಲ್ಲಿ ನ್ಯೂಜೆರ್ಸಿಯ ಅಕ್ಕನ ಮನೆಗೆ, ಅಲ್ಲಿಂದ ನಯಾಗರಕ್ಕೆ ಹೋಗುವ ಯೋಚನೆಯೂ ಇದೆ. ಗನ್ ಒಳ್ಳೆಯದಾ ಕೆಟ್ಟದ್ದಾ ಅನ್ನೋ ವಾದ ಬೇಡ, ದಯವಿಟ್ಟು.

ಪ್ಲೇನೋದಿಂದ:

ಆಫೀಸಿನವರು ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. 2007ರಿಂದಲೇ ಟೆಕ್ಸಾಸ್‌ನಲ್ಲಿ ಸ್ವಂತ ಕಾರಿನೊಳಗೆ ಪಿಸ್ತೂಲು ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದವರು ಕಾರಿನ ಹೊರಗೂ ಲೈಸೆನ್ಸ್ ಇಲ್ಲದೆ ಒಯ್ಯಬಹುದು. ಆದರೆ ಗನ್ ಹೊಂದಲು ಕಾನೂನಿನ ತಡೆ ಇರಬಾರದು. ಈ ಮಾತು ನೆನಪಿಟ್ಟುಕೊಳ್ಳಿ, ನಿಮ್ಮ ಮನೆಯ ಮಟ್ಟಿಗೆ ಇದೇ ಮುಖ್ಯ. ಇನ್ನೊಂದು, ಕಾರಿನಲ್ಲಿ ಹೊರಗಿನವರ ಕಣ್ಣಿಗೆ ಬೀಳುವ ಹಾಗೆ ಇಡುವಂತಿಲ್ಲ. ಕಾಣುವ ಹಾಗಿದ್ದರೆ ಹೋಲ್‌ಸ್ಟರ್‌ನಲ್ಲೇ (ಗನ್ ಸಿಕ್ಕಿಸುವ ಒರೆ) ಇರಬೇಕು. ಪಕ್ಕದ ಸೀಟಿನ ಮೇಲೆ ಸುಮ್ನೆ ಬಿಸಾಕಿದರೆ ಅದೇ ಒಂದು ಕೇಸು.

ಬೇಡ ಅಂದರೂ ಲೈಸೆನ್ಸ್ ಮಾಡಿಸಿ ಅನ್ನುವವನು ನಾನು. ಎಲ್‌ಟಿಸಿಗೆ, ಅಂದರೆ ಪಿಸ್ತೂಲು ಒಯ್ಯುವ ಟೆಕ್ಸಾಸ್ ಲೈಸೆನ್ಸಿಗೆ, ಫೀಸು 40 ಡಾಲರ್. 4ರಿಂದ 6 ಗಂಟೆಯ ತರಗತಿ, ಆಮೇಲೆ ರೇಂಜಿನಲ್ಲಿ 50 ಗುಂಡು ಹೊಡೆಯಬೇಕು. 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ಪರೀಕ್ಷೆ ಕಷ್ಟವೇನಲ್ಲ. ಮಾಡಿಸಲು ಕಾರಣ ಶಾಲೆಗಳು. ಫೆಡರಲ್, ಅಂದರೆ ಇಡೀ ದೇಶದ, ಕಾನೂನಿನ ಪ್ರಕಾರ ಶಾಲೆಯಿಂದ 1000 ಅಡಿಯೊಳಗೆ ಗನ್ ಒಯ್ಯುವುದು ಅಪರಾಧ. ಆ ರಾಜ್ಯವೇ ಕೊಟ್ಟ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಗುಂಡು ತೆಗೆದು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟವರಿಗೂ ಇದೆ. ಲೈಸೆನ್ಸೇ ಬೇಡ ಅನ್ನುವ ಟೆಕ್ಸಾಸ್ ಕಾನೂನು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಫ್ರಿಸ್ಕೋದಲ್ಲಿ ಯಾವ ಶಾಲೆಯ ಹತ್ತಿರವೂ ಹಾಯದೆ ಆಫೀಸಿಗೆ ಹೋಗಿ ಬನ್ನಿ ನೋಡೋಣ.

ಗ್ಲೋವ್ ಬಾಕ್ಸ್ ಅಂತೂ ಬೇಡವೇ ಬೇಡ. ಇನ್ಶೂರೆನ್ಸ್ ಕಾಗದ ಇಡುವುದೂ ಅಲ್ಲೇ ತಾನೇ? ಪೊಲೀಸರು ಕಾಗದ ಕೇಳುತ್ತಾರೆ, ನೀವು ಬಾಗಿಲು ತೆರೆಯುತ್ತೀರಿ, ಟಾರ್ಚ್ ಬೆಳಕಿನಲ್ಲಿ ಮೊದಲು ಕಾಣುವುದು ಪಿಸ್ತೂಲು. ನನ್ನನ್ನು ಒಮ್ಮೆ ಹಿಂದಿನ ದೀಪ ಕೆಟ್ಟಿದೆ ಅಂತ ರಾತ್ರಿ ನಿಲ್ಲಿಸಿದ್ದರು. ಒಳಗಿನ ಲೈಟು ಹಾಕಿದೆ, ಕಿಟಕಿ ಇಳಿಸಿದೆ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟೆ. ಕಾಗದಪತ್ರ ಎಲ್ಲ ತಲೆಯ ಮೇಲಿನ ಸನ್ ವೈಸರ್‌ನಲ್ಲಿ ಸಿಕ್ಕಿಸಿರುತ್ತೇನೆ. "ಎಲ್‌ಟಿಸಿ ಇದೆ, ಗನ್ ಬಲಗಡೆ ಸೊಂಟದಲ್ಲಿದೆ, ಹೇಗೆ ಮಾಡಲಿ ಹೇಳಿ" ಅಂದೆ. "ಅದು ಅಲ್ಲೇ ಇರಲಿ, ಲೈಸೆನ್ಸ್ ಎರಡೂ ಕೊಡಿ" ಅಂದ. ದೀಪ ಸರಿಮಾಡಿಸಿ ಅಂತ ಹೇಳಿ ಕಳಿಸಿದ. ಲೈಸೆನ್ಸ್ ಇರುವವರು ಗನ್ ಜೊತೆಗಿದ್ದಾಗ ಪೊಲೀಸರು ಗುರುತಿನ ಚೀಟಿ ಕೇಳಿದರೆ ಎಲ್‌ಟಿಸಿಯನ್ನೂ ತೋರಿಸಬೇಕು ಅಂತ ಇಲ್ಲಿನ ನಿಯಮ. ಮಿಶಿಗನ್‌ನಲ್ಲಿ ಅವರು ಕೇಳುವ ಮೊದಲೇ ನಾವೇ ಹೇಳಬೇಕು.

ಕಾರು ನಿಲ್ಲಿಸಿ ಹೋಗುವಾಗ ಗನ್ ಒಳಗೇ ಬಿಡಬೇಕಾಗಿ ಬಂದರೆ ಸೀಟಿನ ಕೆಳಗೆ ಚಿಕ್ಕ ಸ್ಟೀಲ್ ಪೆಟ್ಟಿಗೆ ಇಡಿ, ಅದರ ಕೇಬಲ್ಲನ್ನು ಸೀಟಿನ ಕಂಬಿಗೆ ಸುತ್ತಿ ಬೀಗ ಹಾಕಿ. ಕಳ್ಳರು ಕಾರಿನ ಗಾಜು ಒಡೆಯುವುದೇ ಇದಕ್ಕೆ. ಅದರಲ್ಲೂ ಹಿಂದೆ ಗನ್ ಕಂಪನಿಯ ಸ್ಟಿಕ್ಕರ್ ಅಂಟಿಸಿಕೊಂಡ ಕಾರು ಕಂಡರೆ ಕರೆದ ಹಾಗೆ. ಆಫೀಸ್ ಪಾರ್ಕಿಂಗ್ ಬಗ್ಗೆ 2011ರ ಕಾನೂನಿದೆ. ಬೀಗ ಹಾಕಿದ ಸ್ವಂತ ಕಾರಿನಲ್ಲಿ ಇಡುವುದನ್ನು ಕಂಪನಿ ಸಾಮಾನ್ಯವಾಗಿ ತಡೆಯುವಂತಿಲ್ಲ. ಕಟ್ಟಡದೊಳಗೆ ತರಬೇಡ ಅನ್ನಬಹುದು.

ಹ್ಯೂಸ್ಟನ್‌ನಿಂದ:

ಮೇಲಿನ ಅಣ್ಣ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದ ಕಾನೂನಿನ ತಡೆಯ ವಿಷಯಕ್ಕೆ ವಾಪಸ್ ಬರುತ್ತೇನೆ. ನಾನು ಹಲವು ವರ್ಷ ಎಚ್-1ಬಿಯಲ್ಲಿ ಇದ್ದವಳು, ಇದನ್ನೆಲ್ಲ ವಕೀಲರ ಹತ್ತಿರ ಕೂತು ಕೇಳಿ ತಿಳಿದುಕೊಂಡಿದ್ದೇನೆ. ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿ, ಎಚ್-4, ಎಲ್-1, ಎಫ್-1 ಹೀಗೆ ನಾನ್-ಇಮಿಗ್ರೆಂಟ್ (ತಾತ್ಕಾಲಿಕ) ವೀಸಾದಲ್ಲಿ ಬಂದವರು ಗನ್ನನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ಕೊಳ್ಳುವುದಷ್ಟೇ ಅಲ್ಲ, ವಶದಲ್ಲಿ ಇಟ್ಟುಕೊಳ್ಳುವುದೂ ತಪ್ಪು. ವಶ ಅಂದರೆ ಕೈಯಲ್ಲೇ ಹಿಡಿದಿರಬೇಕು ಅಂತಿಲ್ಲ. ಇದೆ ಅಂತ ಗೊತ್ತಿದ್ದು, ಬೇಕೆಂದಾಗ ತೆಗೆದುಕೊಳ್ಳುವ ಹಾಗಿದ್ದರೆ ಅದೂ ವಶವೇ ಆಗಬಹುದು. ಶಿಕ್ಷೆ 15 ವರ್ಷದವರೆಗೆ ಇದೆ.

ಈಗ ನಿಮ್ಮ ಮನೆಯ ಲೆಕ್ಕ ನೋಡಿ. ನೀವು ಭಾನುವಾರ ಗ್ಲೋವ್ ಬಾಕ್ಸ್‌ನಲ್ಲಿ ಇಟ್ಟು ಮರೆತಿರಿ. ಸೋಮವಾರ ನಿಮ್ಮ ಹೆಂಡತಿ ಅದೇ ಕಾರು ತೆಗೆದುಕೊಂಡು ಒಬ್ಬಳೇ ಆಫೀಸಿಗೆ ಹೊರಟಳು. ಪಿಸ್ತೂಲು ಇದೆ ಅಂತ ಅವಳಿಗೂ ಗೊತ್ತು. ಕಾರಿನಲ್ಲಿ ಬೇರೆ ಯಾರೂ ಇಲ್ಲ. ಆಗ ಆ ಗನ್ ಯಾರ ವಶದಲ್ಲಿದೆ? ನಿಮ್ಮ ಗ್ರೀನ್ ಕಾರ್ಡ್ ಅವಳ ಪರ್ಸಿನಲ್ಲಿ ಕೂತು ಕಾಯುವುದಿಲ್ಲ.

ಇನ್ನು ನಿಮ್ಮದೇ ವಿಷಯ. ಗ್ರೀನ್ ಕಾರ್ಡ್ ಇದ್ದವರು ಅಂಗಡಿಯಲ್ಲಿ 4473 ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳಬಹುದು. ಅದರಲ್ಲಿ ತೊಂದರೆ ಇಲ್ಲ. ಆದರೆ ಗನ್ನಿಗೆ ಸಂಬಂಧಪಟ್ಟ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ಅಮೆರಿಕದ ಪ್ರಜೆಗೆ ದಂಡ ಕಟ್ಟಿ ಮುಗಿಯುವ ಕೇಸು ನಮಗೆ ಮನೆ ಖಾಲಿ ಮಾಡಿಸುವ ಕೇಸಾಗಬಹುದು. ಆಫೀಸಿನವರು ಕೊಡುವ ಸಲಹೆಯಲ್ಲಿ ಇದು ಬರುವುದಿಲ್ಲ, ಯಾಕೆಂದರೆ ಅವರಿಗೆ ಇದು ಅನ್ವಯವೇ ಆಗುವುದಿಲ್ಲ.

ಅರ್ವಿಂಗ್‌ನಿಂದ:

ಅಷ್ಟೊಂದು ಹೆದರಿಸಬೇಡಿ ಮೇಡಂ. ಹೆಂಡತಿಯ ಹೆಸರಲ್ಲಿ ಒಂದು ಹಂಟಿಂಗ್ ಲೈಸೆನ್ಸ್ ಮಾಡಿಸಿದರೆ ಆಯಿತು. ಕಾನೂನಿನಲ್ಲೇ ವಿನಾಯಿತಿ ಇದೆ. ನನ್ನ ರೂಮ್‌ಮೇಟ್ ಹಾಗೇ ಮಾಡಿದ್ದ.

ಹ್ಯೂಸ್ಟನ್‌ನಿಂದ:

ವಿನಾಯಿತಿ ಇರುವುದು ನಿಜ. ಆದರೆ ಟೆಕ್ಸಾಸ್ ಹಂಟಿಂಗ್ ಲೈಸೆನ್ಸ್ ಯಾವಾಗ ತೆಗೆದುಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1ರ ಬೆಳಗ್ಗೆ ಹೊಸದು ಮಾಡಿಸಿರದಿದ್ದರೆ ನಿನ್ನೆ ಸರಿಯಿದ್ದದ್ದು ಇವತ್ತು ಫೆಡರಲ್ ಅಪರಾಧ. ಜಿಂಕೆಯನ್ನು ಫೋಟೋದಲ್ಲಿ ಮಾತ್ರ ನೋಡಿದವರು ಕಾರಿನ ಪಿಸ್ತೂಲಿಗೋಸ್ಕರ ಆ ಕಾಗದ ನಂಬಿಕೊಂಡು ಓಡಾಡುವುದು ನನಗಂತೂ ಸರಿ ಕಾಣುವುದಿಲ್ಲ. ಇನ್ನೊಂದು ಮಾತು, ವೀಸಾದವರು ಸ್ನೇಹಿತರ ಜೊತೆ ರೇಂಜಿಗೆ ಹೋಗಿ ಬಾಡಿಗೆ ಗನ್ ಹೊಡೆದು ಫೋಟೋ ಹಾಕುತ್ತಾರಲ್ಲ, ಅದಕ್ಕೂ ಇದೇ ಕಾನೂನು. ಫ್ಲೋರಿಡಾದಲ್ಲಿ ವೀಸಾ ಸ್ಟೇಟಸ್ ಕಳೆದುಕೊಂಡಿದ್ದ ಒಬ್ಬ ವಿದ್ಯಾರ್ಥಿ ರೇಂಜಿನಲ್ಲಿ ಗುಂಡು ಹೊಡೆದದ್ದಕ್ಕೆ ಹಾಕಿದ ಕೇಸು 2019ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು.

ನ್ಯೂಜೆರ್ಸಿಯ ಎಡಿಸನ್‌ನಿಂದ:

ಅಕ್ಕನ ಮನೆಗೆ ಬನ್ನಿ, ಪಿಸ್ತೂಲು ಮಾತ್ರ ತರಬೇಡಿ. ಟೆಕ್ಸಾಸ್ ಲೈಸೆನ್ಸಿಗೆ ಇಲ್ಲಿ ಬೆಲೆ ಇಲ್ಲ. ಪರ್ಮಿಟ್ ಇಲ್ಲದೆ ಪಿಸ್ತೂಲು ಒಯ್ದದ್ದು ಸಾಬೀತಾದರೆ ಇಲ್ಲಿನ ಗ್ರೇವ್ಸ್ ಆಕ್ಟ್ ಅನ್ನುವ ಕಾನೂನಿನ ಪ್ರಕಾರ ಪೆರೋಲ್ ಸಿಗುವ ಮೊದಲು ಸಾಮಾನ್ಯವಾಗಿ 42 ತಿಂಗಳು ಒಳಗಿರಬೇಕು. 2013ರಲ್ಲಿ ಪೆನ್ಸಿಲ್ವೇನಿಯಾದ ಒಬ್ಬ ತಾಯಿ ಅಲ್ಲಿನ ಪರ್ಮಿಟ್ ಇಟ್ಟುಕೊಂಡು ಇಲ್ಲಿಗೆ ಬಂದಿದ್ದಳು. ಟ್ರಾಫಿಕ್ ಪೊಲೀಸ್ ನಿಲ್ಲಿಸಿದಾಗ ಪ್ರಾಮಾಣಿಕವಾಗಿ ತಾನೇ ಗನ್ ಇದೆ ಅಂತ ಹೇಳಿದಳು. ಅರೆಸ್ಟ್ ಆಯಿತು. ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು.

"ಫೆಡರಲ್ ಕಾನೂನು ಇದೆಯಲ್ಲ, ದಾರಿಯಲ್ಲಿ ಯಾರೂ ಹಿಡಿಯುವಂತಿಲ್ಲ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 1986ರ ಕಾನೂನು ಅದು. ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಗನ್ ಒಯ್ಯುವ ಹಕ್ಕು ನಿಮಗಿದ್ದರೆ ಮಾತ್ರ ನಡುವಿನ ರಾಜ್ಯಗಳನ್ನು ದಾಟಿಕೊಂಡು ಹೋಗಬಹುದು. ಗನ್ನಿನಲ್ಲಿ ಗುಂಡು ಇರಬಾರದು. ಗನ್ ಆಗಲಿ ಗುಂಡಾಗಲಿ ಕೂತಲ್ಲಿಂದ ಕೈಗೆ ಎಟುಕಬಾರದು. ಡಿಕ್ಕಿ ಬೇರೆ ಇಲ್ಲದ ಎಸ್‌ಯುವಿ, ವ್ಯಾನ್ ಆದರೆ ಬೀಗ ಹಾಕಿದ ಪೆಟ್ಟಿಗೆ ಬೇಕು. ಗ್ಲೋವ್ ಬಾಕ್ಸ್, ಕನ್ಸೋಲ್ ಲೆಕ್ಕಕ್ಕಿಲ್ಲ. ನೀವು ತಲುಪುವ ಜಾಗವೇ ನ್ಯೂಜೆರ್ಸಿ, ಹಾಗಾಗಿ ಈ ಕಾನೂನು ನಿಮ್ಮ ಕೈ ಹಿಡಿಯುವುದಿಲ್ಲ.

ದಾಟಿ ಹೋಗುವವರಿಗೂ ಇದು ಗಟ್ಟಿ ಆಸರೆಯಲ್ಲ. ಯೂಟಾದ ಒಬ್ಬರು 2005ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದರು. ಇಲ್ಲಿನ ನ್ಯೂಆರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ಲಗೇಜು ಕೈಗೆ ಕೊಟ್ಟರು, ರಾತ್ರಿ ಹೋಟೆಲಿನಲ್ಲಿ ಉಳಿದರು. ಬೆಳಗ್ಗೆ ಏರ್‌ಪೋರ್ಟಿನಲ್ಲಿ ನಿಯಮದಂತೆ ಗನ್ ಇದೆ ಅಂತ ಹೇಳಿದ ತಕ್ಷಣ ಅರೆಸ್ಟ್. ಕೆಲವು ದಿನ ಜೈಲಿನಲ್ಲಿದ್ದರು. ಆಮೇಲೆ ಕೇಸು ಕೈಬಿಟ್ಟರೂ, ಅವರು ಹಾಕಿದ ದಾವೆ 2010ರಲ್ಲಿ ಬಿದ್ದುಹೋಯಿತು. ರಾತ್ರಿ ಹೋಟೆಲಿನಲ್ಲಿ ಗನ್ ಅವರ ಕೈಗೆ ಎಟುಕುತ್ತಿತ್ತಲ್ಲ ಅಂತ ಕೋರ್ಟು ಹೇಳಿತು.

ಐ-81 ಹೈವೇ ಹಿಡಿದು ಬಂದರೆ ವರ್ಜೀನಿಯಾ, ವೆಸ್ಟ್ ವರ್ಜೀನಿಯಾ ಆದ ಮೇಲೆ ಮೇರಿಲ್ಯಾಂಡ್ ಸಿಗುವುದು ಬರೀ 12 ಮೈಲಿ. ಹಾಡು ಮೂರು ಮುಗಿಯುವಷ್ಟರಲ್ಲಿ ದಾಟಿಬಿಡುತ್ತೀರಿ. ಆ 12 ಮೈಲಿಯಲ್ಲೂ ಹೊರಗಿನ ಪರ್ಮಿಟ್ ನಡೆಯುವುದಿಲ್ಲ. ನಯಾಗರ ನ್ಯೂಯಾರ್ಕ್ ರಾಜ್ಯದಲ್ಲಿದೆ, ಅವರೂ ಬೇರೆ ರಾಜ್ಯದ ಲೈಸೆನ್ಸ್ ಒಪ್ಪುವುದಿಲ್ಲ. ಸೇತುವೆಯ ಆಚೆ ಕೆನಡಾ, ಅಲ್ಲಿ ಪ್ರವಾಸಿಗರು ಪಿಸ್ತೂಲು ತರುವ ಮಾತೇ ಇಲ್ಲ. ಜಿಪಿಎಸ್ ತಪ್ಪಿಸಿ ಸೇತುವೆ ಹತ್ತಿಸಿತು ಅಂದರೆ ಅವರು ಕೇಳುವುದಿಲ್ಲ.

ಸ್ಯಾನ್ ಆಂಟೋನಿಯೋದಿಂದ:

ನಾನು ಕೊಡಗಿನವನು, ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವನು. ಇಲ್ಲೂ ಲೈಸೆನ್ಸ್ ಇದೆ. ಯಾರೂ ಆ ಸಿಗ್ನಲ್ ಬಗ್ಗೆ ಮಾತಾಡಲಿಲ್ಲವಲ್ಲ, ನಾನು ಹೇಳುತ್ತೇನೆ.

ಟೆಕ್ಸಾಸ್‌ನಲ್ಲಿ ನೀವು ಕೂತಿರುವ ಕಾರಿಗೆ ಮನೆಯಷ್ಟೇ ರಕ್ಷಣೆ ಇದೆ. ಒಬ್ಬ ಬಲವಂತದಿಂದ ಒಳಗೆ ನುಗ್ಗುತ್ತಿದ್ದರೆ, ಇಲ್ಲವೇ ನಿಮ್ಮನ್ನು ಹೊರಗೆಳೆಯುತ್ತಿದ್ದರೆ, ಗುಂಡು ಹಾರಿಸಿದ್ದು ಸಕಾರಣ ಅಂತ ಕಾನೂನು ಮೊದಲೇ ಊಹಿಸಿಕೊಳ್ಳುತ್ತದೆ. ನೀವು ಕೆಣಕಿರಬಾರದು, ಬೇರೆ ಅಪರಾಧದಲ್ಲಿ ತೊಡಗಿರಬಾರದು ಅಷ್ಟೆ. ಓಡಿಹೋಗಬೇಕು ಅನ್ನುವ ನಿಯಮವೂ ಇಲ್ಲಿಲ್ಲ. ನ್ಯೂಜೆರ್ಸಿ, ನ್ಯೂಯಾರ್ಕ್‌ನಲ್ಲಿ ಮನೆಯ ಹೊರಗೆ ಹಾಗಲ್ಲ, ಸುರಕ್ಷಿತವಾಗಿ ಹೋಗುವ ದಾರಿ ಇದ್ದರೆ ಹೋಗಲೇಬೇಕು.

ಆದರೆ ನಿಮ್ಮ ಪಿಕಪ್‌ನವನು ಮಾಡಿದ್ದೇನು? ಗಾಜು ಬಡಿದ, ಬೈದ. ಗಾಜು ಒಡೆಯಲಿಲ್ಲ, ಬಾಗಿಲು ತೆಗೆಯಲಿಲ್ಲ. ಬರೀ ಬೈಗುಳಕ್ಕೆ ಬಲಪ್ರಯೋಗ ಮಾಡುವಂತಿಲ್ಲ ಅಂತ ಅದೇ ಕಾನೂನು ಹೇಳುತ್ತದೆ. ಆ ಹೊತ್ತಿಗೆ ನೀವು ಪಿಸ್ತೂಲು ತೆಗೆದು ಅವನ ಮುಖಕ್ಕೆ ಹಿಡಿದಿದ್ದರೆ, ಹೆದರಿಸಲು ಅಂತಲೇ ಇರಲಿ, ನಿಮ್ಮ ಮೇಲೇ ಮಾರಕಾಸ್ತ್ರದ ಹಲ್ಲೆ ಕೇಸು ಬೀಳಬಹುದಿತ್ತು. ಅದು 2ರಿಂದ 20 ವರ್ಷದ ಅಪರಾಧ. ಅವನು ಮೊದಲು 911ಕ್ಕೆ ಫೋನ್ ಮಾಡಿ "ಕಾರಿನವನೊಬ್ಬ ಗನ್ ತೋರಿಸಿದ" ಅಂದಿದ್ದರೆ ಪೊಲೀಸರು ಮೊದಲು ಹುಡುಕುವುದು ನಿಮ್ಮ ಕಾರನ್ನೇ. ಹೈವೇಯಲ್ಲಿ ನೀವೂ ಒಮ್ಮೆ ಬೆರಳು ತೋರಿಸಿದ್ದು, ಬೇಕಂತ ಬ್ರೇಕ್ ಒತ್ತಿದ್ದು ಯಾರದೋ ಡ್ಯಾಶ್‌ಕ್ಯಾಮ್‌ನಲ್ಲಿ ಸಿಕ್ಕರೆ ಕೆಣಕಿದವರು ನೀವೇ ಆಗುತ್ತೀರಿ.

2020ರಲ್ಲಿ ಆಸ್ಟಿನ್‌ನಲ್ಲಿ ಸೇನೆಯ ಒಬ್ಬ ಸಾರ್ಜೆಂಟ್ ಕಾರಿನೊಳಗಿಂದ ಗುಂಡು ಹಾರಿಸಿ ಪ್ರತಿಭಟನೆಯಲ್ಲಿದ್ದ ಒಬ್ಬರನ್ನು ಕೊಂದ. ಸತ್ತವರ ಕೈಯಲ್ಲೂ ರೈಫಲ್ ಇತ್ತು. ಆತ್ಮರಕ್ಷಣೆ ಅಂತ ವಾದಿಸಿದ. 2023ರಲ್ಲಿ ಜ್ಯೂರಿ ಕೊಲೆ ಅಂತ ತೀರ್ಮಾನಿಸಿತು, 25 ವರ್ಷ ಶಿಕ್ಷೆ ಆಯಿತು. 2024ರಲ್ಲಿ ಗವರ್ನರ್ ಕ್ಷಮಾದಾನ ಕೊಟ್ಟು ಬಿಡಿಸಿದರು. ಟೆಕ್ಸಾಸ್‌ನಲ್ಲೇ, ಕಾರಿನಲ್ಲೇ ಕೂತು ಹೊಡೆದರೂ ಜ್ಯೂರಿ ಒಪ್ಪುತ್ತದೆ ಅಂತ ಖಾತ್ರಿ ಇಲ್ಲ. ಗವರ್ನರ್ ನಮಗೋಸ್ಕರ ಪೆನ್ನು ತೆಗೆಯುತ್ತಾರಾ?

ನಾನು ಕಾರಿನಲ್ಲಿ ಗನ್ ಬಿಡುವುದಿಲ್ಲ. ಸೊಂಟದಲ್ಲಿದ್ದರೆ ನನ್ನ ಜೊತೆ ಇಳಿಯುತ್ತದೆ, ಇಲ್ಲದಿದ್ದರೆ ಮನೆಯ ಸೇಫ್‌ನಲ್ಲಿರುತ್ತದೆ. ಡ್ಯಾಶ್‌ಕ್ಯಾಮ್ ಮಾತ್ರ ಹಿಂದೆ ಮುಂದೆ ಎರಡೂ ಕಡೆ ಹಾಕಿಸಿದ್ದೇನೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನ್ಯೂಜೆರ್ಸಿಗೆ ಗನ್ ತರುವುದಿಲ್ಲ, ಅದು ಮುಗಿಯಿತು. ಡ್ಯಾಶ್‌ಕ್ಯಾಮ್ ಇವತ್ತೇ ಆರ್ಡರ್ ಮಾಡಿದೆ. ಒಂದು ಡೌಟು ಉಳಿಯಿತು. ಎಲ್‌ಟಿಸಿ ಮಾಡಿಸಿ ಸೊಂಟದಲ್ಲೇ ಇಟ್ಟುಕೊಂಡೆ ಅಂತಿಟ್ಟುಕೊಳ್ಳಿ, ಮನೆಗೆ ಬಂದ ಮೇಲೆ? ಮನೆಯಲ್ಲೂ ಹೆಂಡತಿ ಇರುತ್ತಾಳಲ್ಲ?

ಹ್ಯೂಸ್ಟನ್‌ನಿಂದ:

ಬೀಗದ ಪೆಟ್ಟಿಗೆ, ಕೋಡ್ ನಿಮ್ಮೊಬ್ಬರಿಗೇ ಗೊತ್ತಿರಬೇಕು. ಅವಳ ಬೆರಳಚ್ಚು ಹಾಕಬೇಡಿ, ತುರ್ತಿಗೆ ಇರಲಿ ಅಂತ ಕೀಲಿ ಅಡುಗೆಮನೆಯ ಡ್ರಾಯರ್‌ನಲ್ಲೂ ಇಡಬೇಡಿ. ಗುಂಡು ಕೂಡ ಒಳಗೇ ಇರಲಿ. ಮಂಚದ ಕೆಳಗೆ ಒಂದು ಡಬ್ಬಿ ಬಿದ್ದಿದ್ದರೂ ಅದು ಅವಳ ತಲೆಗೆ ಬರಬಹುದು. ಕೊಳ್ಳುವ ಮೊದಲು ಇಮಿಗ್ರೇಶನ್ ವಕೀಲರ ಹತ್ತಿರ ಒಂದು ಸಲ ಇಬ್ಬರೂ ಕೂತು ಮಾತಾಡಿ.

ಎಡಿಸನ್‌ನಿಂದ:

ನಯಾಗರದಲ್ಲಿ ಕೆನಡಾ ಕಡೆಗೂ ಹೋಗುವುದಾದರೆ ನಿಮಗೆ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಇದ್ದರೆ ಸಾಕು. ನಿಮ್ಮ ಹೆಂಡತಿಗೆ ಕೆನಡಾ ವೀಸಾ ಬೇಕು. ಅದಕ್ಕೆ ಈಗಲೇ ಅರ್ಜಿ ಹಾಕಿ, ಸಮಯ ಹಿಡಿಯುತ್ತದೆ.