ಯೂನಿವರ್ಸಲ್ ಕ್ರೆಡಿಟ್ ಬಂದರೆ ಬಾಡಿಗೆ ಯಾರ ಖಾತೆಗೆ?

ಪ್ರಶ್ನೆ, ಲೆಸ್ಟರ್‌ನಿಂದ: ನಾವು ಬ್ರಿಟಿಷ್ ಪೌರರು, ಹೌಸಿಂಗ್ ಅಸೋಸಿಯೇಷನ್ (ಕಡಿಮೆ ಬಾಡಿಗೆಗೆ ಮನೆ ಕೊಡುವ ಲಾಭರಹಿತ ಸಂಸ್ಥೆ) ಮನೆಯಲ್ಲಿದ್ದೇವೆ. ಯಜಮಾನರ ಕೆಲಸ ಹೋಗಿದೆ, ಯೂನಿವರ್ಸಲ್ ಕ್ರೆಡಿಟ್‌ಗೆ (ಕೆಲಸವಿಲ್ಲದವರಿಗೆ, ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು) ಅರ್ಜಿ ಹಾಕಬೇಕಿದೆ. ಪಕ್ಕದ ಮನೆಯ ಅಜ್ಜಿಯ ಬಾಡಿಗೆ ಕೌನ್ಸಿಲ್‌ನಿಂದ (ಸ್ಥಳೀಯ ಆಡಳಿತ) ನೇರವಾಗಿ ಅಸೋಸಿಯೇಷನ್‌ಗೆ ಹೋಗುತ್ತದೆ. ನಮಗೂ ಹಾಗೆಯೇ ಆಗುತ್ತದೆಯೇ? ಅನುಭವವಿದ್ದವರು ತಿಳಿಸಿ.

ಕೊವೆಂಟ್ರಿಯಿಂದ: ಇಲ್ಲ ಅಕ್ಕ. ಪಿಂಚಣಿ ವಯಸ್ಸು ದಾಟಿದ ಅಜ್ಜಿಗೆ ಹಳೆಯ ಹೌಸಿಂಗ್ ಬೆನಿಫಿಟ್, ಅಂದರೆ ಕೌನ್ಸಿಲ್ ಕೊಡುವ ಬಾಡಿಗೆ ನೆರವು, ಇದೆ. 2013ರಲ್ಲಿ ಆರಂಭವಾದ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಬಾಡಿಗೆಯ ಪಾಲೂ ಸೇರಿ ತಿಂಗಳಿಗೊಮ್ಮೆ ನಿಮ್ಮ ಖಾತೆಗೇ ಬರುತ್ತದೆ. ಮೊದಲ ಹಣಕ್ಕೆ ಸುಮಾರು ಐದು ವಾರ ಕಾಯಬೇಕು. ಮುಂಗಡ ಸಿಗುತ್ತದೆ, ಬಡ್ಡಿಯಿಲ್ಲ, ಆದರೆ ಅದು ಸಾಲವೇ. ಹಾಗಾಗಿ ನಾವು ಅಸೋಸಿಯೇಷನ್‌ಗೆ ಮೊದಲೇ ಫೋನ್ ಮಾಡಿ ತಿಳಿಸಿದೆವು, ಮುಂಗಡವನ್ನು ಅರ್ಧದಷ್ಟೇ ಪಡೆದೆವು.

ಮ್ಯಾಂಚೆಸ್ಟರ್‌ನಿಂದ: ನಾನು ಅಂಥದ್ದೇ ಒಂದು ಸಂಸ್ಥೆಯ ಬಾಡಿಗೆ ವಿಭಾಗದಲ್ಲಿದ್ದೇನೆ. ಮೊದಲು ಕೌನ್ಸಿಲ್‌ನಿಂದ ಒಟ್ಟಿಗೆ ಹಣ ಬರುತ್ತಿತ್ತು; ಈಗ ಮನೆಮನೆಗೆ ಒಂದೊಂದು ತಾರೀಖು. ತಕರಾರು ಹುಟ್ಟುವುದು ಹೆಚ್ಚಾಗಿ ಲೆಕ್ಕದಲ್ಲಿ. ವಾರದ ಬಾಡಿಗೆ 120 ಪೌಂಡ್, ಪ್ರತಿ ಸೋಮವಾರ ಲೆಕ್ಕಕ್ಕೆ ಸೇರುತ್ತದೆ ಎಂದುಕೊಳ್ಳಿ. ಸರ್ಕಾರ 52ರಿಂದ ಗುಣಿಸಿ 12ರಿಂದ ಭಾಗಿಸುತ್ತದೆ, ತಿಂಗಳಿಗೆ 520. ನಾಲ್ಕು ಸೋಮವಾರಗಳ ತಿಂಗಳಲ್ಲಿ ಬಾಡಿಗೆ 480, ಐದು ಬಂದರೆ 600. ಆಗ ಬಾಕಿ ಕಾಣಿಸುತ್ತದೆ, ಜನ ಗಾಬರಿಯಾಗುತ್ತಾರೆ. ನಾಲ್ಕು ಸೋಮವಾರಗಳ ತಿಂಗಳಲ್ಲಿ ಉಳಿದ 40 ಅನ್ನು ಮುಟ್ಟದೆ ಇಟ್ಟರೆ ಸರಿದೂಗುತ್ತದೆ. 53 ಸೋಮವಾರಗಳ ವರ್ಷದಲ್ಲಿ ಮಾತ್ರ ಆ ಒಂದು ವಾರ ನಿಮ್ಮ ತಲೆಗೇ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹಣ ಬರುವ ಮರುದಿನಕ್ಕೇ ಡೈರೆಕ್ಟ್ ಡೆಬಿಟ್ ಇಡಿಸಿ. ಏಪ್ರಿಲ್‌ನಲ್ಲಿ ಬಾಡಿಗೆ ಏರಿದೊಡನೆ ಯೂನಿವರ್ಸಲ್ ಕ್ರೆಡಿಟ್‌ನ ಆನ್‌ಲೈನ್ ಖಾತೆಯಲ್ಲಿ (ಜರ್ನಲ್) ಹೊಸ ಮೊತ್ತ ನಮೂದಿಸಿ. ಅದು ನಮ್ಮ ಕೆಲಸವಲ್ಲ, ನಿಮ್ಮದು. ಎರಡು ತಿಂಗಳ ಬಾಕಿಯಾದರೆ ಹಣವನ್ನು ನೇರವಾಗಿ ನಮಗೇ ಕೊಡಿ ಎಂದು ನಾವೂ ಸರ್ಕಾರವನ್ನು ಕೇಳಬಹುದು.

ಗ್ಲಾಸ್ಗೋದಿಂದ: ಸ್ಕಾಟ್ಲೆಂಡಿನಲ್ಲಿ ನೇರ ಪಾವತಿಯನ್ನು ಬಾಡಿಗೆದಾರರೇ ಆಯ್ದುಕೊಳ್ಳಬಹುದು. ನಾನು ಅದನ್ನೇ ಆರಿಸಿದೆ, ನೆಮ್ಮದಿಯಾಗಿದ್ದೇನೆ. ಅಂದಹಾಗೆ, ವೀಸಾದಲ್ಲಿ ಸಾರ್ವಜನಿಕ ನೆರವು ಇಲ್ಲವೆಂದು ನಮೂದಾಗಿರುವವರು ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಲೇಬೇಡಿ.

ಲೆಸ್ಟರ್‌ನಿಂದ: ಎಲ್ಲರಿಗೂ ಧನ್ಯವಾದ. ನಮ್ಮದು ಮೂರು ಮಲಗುವ ಕೋಣೆಗಳ ಮನೆ. ಹೆಣ್ಣುಮಕ್ಕಳಿಬ್ಬರು, ಹನ್ನೆರಡು ಮತ್ತು ಎಂಟು ವರ್ಷ. ಹೆಚ್ಚುವರಿ ಕೋಣೆಗೂ ಕಡಿತವಿದೆಯಂತಲ್ಲ?

ಮ್ಯಾಂಚೆಸ್ಟರ್‌ನಿಂದ: ಇದೆ. ಹದಿನಾರರೊಳಗಿನ ಅಕ್ಕತಂಗಿಯರು ಒಂದೇ ಕೋಣೆ ಹಂಚಿಕೊಳ್ಳಬೇಕೆಂಬುದು ನಿಯಮ. ಹೆಚ್ಚುವರಿ ಕೋಣೆ ಒಂದಾದರೆ ಶೇ 14, ಎರಡು ಅಥವಾ ಹೆಚ್ಚಾದರೆ ಶೇ 25 ಕಡಿತ. ನಿಮಗೆ ಒಂದು ಕೋಣೆ ಹೆಚ್ಚು, ಹಾಗಾಗಿ ಆ 520ರ ಲೆಕ್ಕದಲ್ಲಿ 72.80 ಪೌಂಡ್ ಕಡಿಮೆ ಬರುತ್ತದೆ. ಕೌನ್ಸಿಲ್‌ನಲ್ಲಿ ತಾತ್ಕಾಲಿಕ ನೆರವಿಗೆ ಕೇಳಿ ನೋಡಿ. ದೊಡ್ಡ ಮಗಳಿಗೆ ಹದಿನಾರು ತುಂಬಿದ ಮೇಲೆ ಈ ಕಡಿತ ಇರುವುದಿಲ್ಲ.