ತೋಟದ ಕೆರೆ ಏರಿಗೆ ಡ್ಯಾಂ ಸುರಕ್ಷತಾ ಕಾಯ್ದೆ ಅನ್ವಯಿಸುತ್ತಾ?

ಹಾನುಬಾಳು ರೊಬಸ್ಟಾ:
ನಮಸ್ಕಾರ. ಸಕಲೇಶಪುರ ಕಡೆ ನಮ್ಮ ಕಾಫಿ ತೋಟ. ಅಪ್ಪ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿದ್ದರು, ಎತ್ತರ ಸುಮಾರು 7 ಮೀಟರ್. ಹೂವಿಗೆ ಸ್ಪ್ರಿಂಕ್ಲರ್ ಹೊಡೆಯೋದು ಇದೇ ನೀರಲ್ಲಿ. ಕೆಳಗೆ ಲೈನ್ ಮನೆಗಳಲ್ಲಿ ಐದು ಸಂಸಾರ ಇದೆ. ಈ ಮಳೆಗೆ ಏರಿ ಬುಡದಲ್ಲಿ ಒಸರು ಶುರುವಾಗಿದೆ. ‘ಸಣ್ಣ ಕೆರೆ, ಏನಾಗಲ್ಲ ಬಿಡಿ’ ಅಂತಾರೆ ಪಕ್ಕದ ತೋಟದವರು. ಕಾಯ್ದೆ ಏನು ಹೇಳುತ್ತೆ?

ನಿವೃತ್ತ ಎಂಜಿನಿಯರ್, ಸಣ್ಣ ನೀರಾವರಿ:
2021ರ ಕಾಯ್ದೆ ಹಿಡಿಯೋದು 15 ಮೀಟರ್‌ಗಿಂತ ಎತ್ತರದವನ್ನು. 10ರಿಂದ 15 ಮೀಟರ್ ಇದ್ದರೆ ಏರಿ ಉದ್ದ 500 ಮೀಟರ್, ಇಲ್ಲವೇ ಸಂಗ್ರಹ 10 ಲಕ್ಷ ಘನ ಮೀಟರ್, ಇಂಥ ಷರತ್ತುಗಳಲ್ಲಿ ಒಂದಾದರೂ ಇರಬೇಕು. ನಿಮ್ಮದು ಅದರೊಳಗೆ ಬರಲ್ಲ. ಹಾಗಂತ ನೆಮ್ಮದಿಯಾಗಿ ಕೂರಬೇಡಿ ತಮ್ಮಾ.

ಅಪಾಯದ ವರ್ಗ ಬೇರೆ ಲೆಕ್ಕ. ಅಮೆರಿಕದಲ್ಲಿ ಕಡಿಮೆ, ಗಣನೀಯ, ಹೆಚ್ಚು ಅಂತ ಮೂರು ವರ್ಗ. ಏರಿ ಗಟ್ಟಿ ಇದೆಯೋ ಶಿಥಿಲವೋ ಅಂತ ಅಲ್ಲಿ ಕೇಳಲ್ಲ, ಒಡೆದರೆ ಕೆಳಗಿರೋರ ಗತಿಯೇನು ಅಂತ ಕೇಳ್ತಾರೆ. ಜೀವ ಹೋಗೋ ಸಂಭವ ಇದ್ದರೆ ‘ಹೆಚ್ಚು’. ನಿಮ್ಮ ಕೆರೆ ಅದೇ. ಕೆನ್ಯಾದ ಸೊಲಾಯಿಯಲ್ಲಿ 2018ರ ಮೇ 9ರ ರಾತ್ರಿ ಒಡೆದದ್ದೂ ಖಾಸಗಿ ತೋಟದ ಮಣ್ಣಿನ ಏರಿಯೇ. 40ಕ್ಕೂ ಹೆಚ್ಚು ಜನ ಹೋದರು.

ಮೊದಲು ಒಸರನ್ನು ಗಾಜಿನ ಲೋಟಕ್ಕೆ ಹಿಡಿದು ನೋಡಿ. ತಿಳಿಯಾಗಿದ್ದರೆ ದಿನಾ ಗಮನಿಸಿ. ಮಣ್ಣು ಬರ್ತಿದ್ದರೆ ಏರಿ ಒಳಗೇ ಕೊರೆತ ನಡೀತಿದೆ ಅಂತ ಅರ್ಥ. ಜೇಡಿ ಮಣ್ಣು ಮೆತ್ತಿ ಬಾಯಿ ಮುಚ್ಚಬೇಡಿ, ನೀರು ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತೆ. ಮೊದಲು ಮರಳು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹಾಕಿ. ನೀರು ಹೊರಬರಲಿ, ಮಣ್ಣು ಅಲ್ಲೇ ನಿಲ್ಲಲಿ.

ಕೋಡಿಗೆ ಮರಳಿನ ಚೀಲ ಇಟ್ಟು ನೀರು ಹೆಚ್ಚು ನಿಲ್ಲಿಸೋ ಅಭ್ಯಾಸ ಇದ್ದರೆ ಇವತ್ತೇ ತೆಗೆಸಿ. ಮಣ್ಣಿನ ಏರಿ ಮೇಲೆ ನೀರು ಹರಿದರೆ ಉಳಿಯೋದು ಕಷ್ಟ.

ಕೊಪ್ಪದ ಕೃಷಿಕ:
ಸರ್, ನಮ್ಮ ಏರಿ ಮೇಲೆ ಸಿಲ್ವರ್ ಮರಗಳಿವೆ. ಕಡಿಸಿಬಿಡಲಾ?

ನಿವೃತ್ತ ಎಂಜಿನಿಯರ್, ಸಣ್ಣ ನೀರಾವರಿ:
ದೊಡ್ಡ ಮರ ಸುಮ್ಮನೆ ಕಡಿದರೆ ಬೇರು ಕೊಳೆತು ಒಳಗೆ ಪೊಳ್ಳಾಗುತ್ತೆ. ಬೇಸಿಗೆಯಲ್ಲಿ ನೀರು ಇಳಿಸಿ, ಬುಡ ಸಮೇತ ಕೀಳಿಸಿ, ಪದರ ಪದರವಾಗಿ ದಮ್ಮಸ್ಸು ಮಾಡಿಸಬೇಕು. ಎಂಜಿನಿಯರ್ ಎದುರಿಗಿರಲಿ. ಹುತ್ತ, ಹೆಗ್ಗಣದ ಬಿಲ ಇದ್ದರೆ ಅವನ್ನೂ ಆಗಲೇ ತೋರಿಸಿ.

ಹಾನುಬಾಳು ರೊಬಸ್ಟಾ:
ಸರ್, ಲೋಟದ ತಳದಲ್ಲಿ ಕೆಂಪು ಮಣ್ಣು ಕೂತಿದೆ.

ನಿವೃತ್ತ ಎಂಜಿನಿಯರ್, ಸಣ್ಣ ನೀರಾವರಿ:
ಹಾಗಾದರೆ ಕತ್ತಲಾಗೋ ಮೊದಲೇ ಐದೂ ಸಂಸಾರಗಳನ್ನು ಮೇಲಿನ ಕಣದ ಗೋಡೌನಿಗೆ ಕಳಿಸಿ. ತಹಶೀಲ್ದಾರ್ ಕಚೇರಿಗೂ ಹಳ್ಳದ ಕೆಳಗಿನವರಿಗೂ ಫೋನ್ ಮಾಡಿ. ಪಂಪ್ ಹಚ್ಚಿ ನೀರು ಇಳಿಸಿ, ಆದರೆ ತೂಬು ಒಮ್ಮೆಲೇ ಪೂರ್ತಿ ತೆಗೀಬೇಡಿ. ನೀರು ದಿಢೀರ್ ಇಳಿದರೆ ಏರಿಯ ಒಳಮೈ ಜಾರುತ್ತೆ. ಜಾಗದ ಫೋಟೋ ಈಗಲೇ ಇಲ್ಲಿ ಹಾಕಿ, ನಾನು ನೋಡ್ತಾ ಇರ್ತೀನಿ.