ಎಂಟು ಮೊಟ್ಟೆ, ಎರಡು ಸ್ಕೂಪ್ ಪೌಡರ್, ಹೊಟ್ಟೆ ಮಾತ್ರ ಕೇಳ್ತಿಲ್ಲ

ಪ್ರಶ್ನೆ (ಕಾರವಾರ, ಕೋಡಿಬಾಗ):
ಮೇಡಂ, ನನಗೆ 27 ವರ್ಷ, ತೂಕ 72 ಕೆಜಿ. ಜಿಮ್ಮಿಗೆ ಸೇರಿ ಮೂರು ತಿಂಗಳಾಯ್ತು. ಟ್ರೇನರ್ ಹೇಳಿದ ಹಾಗೆ ದಿನಕ್ಕೆ ಎಂಟು ಮೊಟ್ಟೆ, ಅರ್ಧ ಲೀಟರ್ ಹಾಲಿನಲ್ಲಿ ಎರಡು ಸ್ಕೂಪ್ ವೇ ಪೌಡರ್ (ಹಾಲಿನಿಂದ ತೆಗೆದ ಪ್ರೊಟೀನ್ ಪುಡಿ), ಮಧ್ಯಾಹ್ನ 300 ಗ್ರಾಂ ಚಿಕನ್, ರಾತ್ರಿ ಎರಡು ಬಂಗುಡೆ ತಿಂತೇನೆ. ಅನ್ನ ಬಿಟ್ಟಿದ್ದೇನೆ. ಅಮ್ಮ ಮಾಡೋ ಗಂಜಿಯನ್ನಂತೂ ಮುಟ್ಟುತ್ತಿಲ್ಲ. ಮೊದಲ ವಾರದಿಂದಲೇ ಹೊಟ್ಟೆ ಉಬ್ಬರ. ಗ್ಯಾಸಿನ ವಾಸನೆ ಎಷ್ಟು ಕೆಟ್ಟದಾಗಿದೆ ಅಂದ್ರೆ ಆಫೀಸಿನಲ್ಲಿ ಕೂರೋಕೇ ನಾಚಿಕೆ. ಎರಡು ಮೂರು ದಿನಕ್ಕೊಮ್ಮೆ ಸಂಡಾಸು, ಅದೂ ಕಷ್ಟಪಟ್ಟು. ಪೌಡರ್ ಬ್ರ್ಯಾಂಡ್ ಬದಲಿಸಿ ನೋಡಿದೆ, ಪ್ರಯೋಜನ ಆಗಲಿಲ್ಲ. ನನಗೆ ಪ್ರೊಟೀನೇ ಆಗಿಬರಲ್ವಾ?

ಉತ್ತರ (ಆಹಾರತಜ್ಞೆ, ಕುಮಟಾ):
ಪ್ರೊಟೀನೇ ಆಗಿಬರದವರು ತುಂಬಾ ಅಪರೂಪ. ನೀವು ಕೊಟ್ಟ ಪಟ್ಟಿಯನ್ನೇ ಒಮ್ಮೆ ಲೆಕ್ಕ ಹಾಕೋಣ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಎಂಟಕ್ಕೆ 48. ಎರಡು ಸ್ಕೂಪಿಗೆ ಹತ್ತಿರ ಹತ್ತಿರ 48. ಅರ್ಧ ಲೀಟರ್ ಹಾಲಿಗೆ 16. ಚಿಕನ್ನಿಗೆ 60ರ ಮೇಲೆ. ಬಂಗುಡೆ ಸೇರಿದರೆ ಒಟ್ಟು 200 ಗ್ರಾಂ ಹತ್ತಿರ ಬಂತು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ದೊಡ್ಡವರಿಗೆ ಹೇಳಿದ ಪ್ರಮಾಣ ಕೆಜಿ ತೂಕಕ್ಕೆ 0.83 ಗ್ರಾಂ. ನಿಮ್ಮ ತೂಕಕ್ಕೆ ಅದು 60 ಗ್ರಾಂ ಆಗುತ್ತದೆ. ಭಾರ ಎತ್ತುವವರಿಗೆ ಜಾಸ್ತಿ ಬೇಕು, ಒಪ್ಪುತ್ತೇನೆ. ಆದರೆ ಕೆಜಿಗೆ 1.6 ಗ್ರಾಂ ದಾಟಿದ ಮೇಲೆ ಮಾಂಸಖಂಡಕ್ಕೆ ಸಿಗುವ ಹೆಚ್ಚುವರಿ ಲಾಭ ತೀರಾ ಕಡಿಮೆ. ನಿಮಗೆ 115 ಗ್ರಾಂ ಸಾಕು. ಉಳಿದ 85 ಗ್ರಾಂ ಸುಮ್ನೆ ದುಡ್ಡು ದಂಡ.

ಈಗ ಅದೇ ಪಟ್ಟಿಯಲ್ಲಿ ನಾರು ಎಷ್ಟಿದೆ ನೋಡಿ. ಮೊಟ್ಟೆಯಲ್ಲಿ ಸೊನ್ನೆ. ಚಿಕನ್, ಮೀನು, ಹಾಲು, ಎಲ್ಲದರಲ್ಲೂ ಸೊನ್ನೆ. ಪೌಡರಿನಲ್ಲಿ ಇದ್ದರೂ ಹೆಸರಿಗೆ ಮಾತ್ರ. ದಿನಕ್ಕೆ 30 ಗ್ರಾಂ ಹತ್ತಿರ ಬೇಕಾದದ್ದು ನಿಮಗೆ ಐದಾರು ಗ್ರಾಂ ಕೂಡ ಸಿಗುತ್ತಿಲ್ಲ. ಅನ್ನ ಬಿಟ್ಟಾಗ ಅದರ ಜೊತೆ ಬರುತ್ತಿದ್ದ ಬಸಳೆ ಸಾರು, ತೊಂಡೆಕಾಯಿ ಪಲ್ಯ, ಹರಿವೆ ಸೊಪ್ಪು ಎಲ್ಲ ಹೋಯ್ತು, ಅಲ್ವಾ? ಮೂರು ದಿನಕ್ಕೊಮ್ಮೆ ಸಂಡಾಸು ಆಗುವುದಕ್ಕೆ ಇದೇ ದೊಡ್ಡ ಕಾರಣ.

ವಾಸನೆಗೂ ಇದಕ್ಕೂ ಸಂಬಂಧ ಇದೆ. ಮೊಟ್ಟೆ, ಮಾಂಸ, ವೇ ಮೂರರಲ್ಲೂ ಗಂಧಕ ಇರುವ ಅಮೈನೋ ಆಮ್ಲಗಳು ಚೆನ್ನಾಗಿವೆ. ಸಣ್ಣ ಕರುಳು ಹೀರಿಕೊಂಡು ಉಳಿದ ಪ್ರೊಟೀನ್ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಗಂಧಕದಿಂದ ಹೈಡ್ರೋಜನ್ ಸಲ್ಫೈಡ್ ಅನ್ನುವ ಗ್ಯಾಸ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅಂದರೆ ಅದೇ. ಅವುಗಳಿಗೆ ನಾರು ಸಿಕ್ಕಿದ್ದರೆ ಮೊದಲು ಅದನ್ನೇ ತಿನ್ನುತ್ತಿದ್ದವು. ಬೇರೆ ಏನೂ ಸಿಗದೆ ಪ್ರೊಟೀನಿಗೇ ಬಾಯಿ ಹಾಕಿವೆ.

ಇನ್ನು ಉಬ್ಬರ. ಎಲ್ಲರೂ ಪೌಡರನ್ನೇ ಬೈಯುತ್ತಾರೆ. ನನಗೆ ಜಾಸ್ತಿ ಅನುಮಾನ ಇರುವುದು ಹಾಲಿನ ಮೇಲೆ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 24 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಇದೆ. ಕಾನ್ಸಂಟ್ರೇಟ್ ಅನ್ನುವ ಮಾಮೂಲಿ ವೇ ಪೌಡರಿನ ಎರಡು ಸ್ಕೂಪಿನಲ್ಲಿ ಇರುವುದು ಮೂರು ನಾಲ್ಕು ಗ್ರಾಂ ಇದ್ದೀತು. ನಮ್ಮ ಕಡೆ ದೊಡ್ಡವರಾದ ಮೇಲೆ ಇದನ್ನು ಅರಗಿಸುವ ಕಿಣ್ವ ಕಡಿಮೆ ಆಗುವವರು ಬಹಳ ಜನ. ಅಂಥವರಿಗೂ ಒಮ್ಮೆಗೆ 12 ಗ್ರಾಂ, ಅಂದರೆ ಒಂದು ಲೋಟ ಹಾಲು, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ನೀವು ಅದರ ಎರಡರಷ್ಟನ್ನು ಒಂದೇ ಸಲಕ್ಕೆ ಗಟಗಟ ಕುಡಿಯುತ್ತಿದ್ದೀರಿ. ಬ್ರ್ಯಾಂಡ್ ಬದಲಿಸಿದಿರಿ, ಹಾಲು ಬದಲಾಗಲಿಲ್ಲ.

ಹಾಗಾಗಿ ಮೊದಲ ವಾರ ಒಂದೇ ಕೆಲಸ ಮಾಡಿ. ಪೌಡರನ್ನು ನೀರಿನಲ್ಲಿ ಕಲಸಿ. ಶೇಕರ್ ಅಲ್ಲಾಡಿಸಿದ ಮೇಲೆ ನೊರೆ ಇಳಿಯುವ ತನಕ ಕಾಯಿರಿ, ನೊರೆ ಕುಡಿದರೆ ಗಾಳಿ ಕುಡಿದ ಹಾಗೆ. ಬೇರೆ ಏನನ್ನೂ ಬದಲಿಸಬೇಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದು ಅಂತ ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ.

ಎರಡನೇ ವಾರದಿಂದ ಮೊಟ್ಟೆ ನಾಲ್ಕು, ಪೌಡರ್ ಒಂದು ಸ್ಕೂಪ್, ಚಿಕನ್ 200 ಗ್ರಾಂ. ಬಂಗುಡೆ ಇರಲಿ. ಇಷ್ಟಕ್ಕೇ 115ರ ಹತ್ತಿರ ಬರುತ್ತದೆ. ಇದನ್ನು ಮೂರು ನಾಲ್ಕು ಹೊತ್ತಿಗೆ ಹಂಚಿಕೊಳ್ಳಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ವಾಪಸ್ ಬರಲಿ, ಜೊತೆಗೆ ಒಂದು ಬಟ್ಟಲು ಪಲ್ಯ ಅಥವಾ ಸೊಪ್ಪು. ಸಂಜೆ ಒಂದು ಪೇರಲೆ ಹಣ್ಣು. ನಾರನ್ನು ಒಂದೇ ದಿನ ರಾಶಿ ಹಾಕಬೇಡಿ, ಉಬ್ಬರ ಇನ್ನೂ ಏರುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ. ನೀರು ಎಷ್ಟು ಅಂತ ಲೀಟರ್ ಹಿಡಿದು ಕೂರಬೇಡಿ. ನಮ್ಮ ಕರಾವಳಿಯ ಸೆಖೆಗೆ ಬೆವರು ಜಾಸ್ತಿ, ಮೂತ್ರ ತಿಳಿ ಹಳದಿ ಇರಬೇಕು, ಅಷ್ಟೇ. ಇಸಬಗೋಲು ತಗೊಳ್ಳುವುದಾದರೆ ದಿನಕ್ಕೆ ಒಂದು ಚಮಚ, ದೊಡ್ಡ ಲೋಟ ನೀರಿನ ಜೊತೆ. ನೀರಿಲ್ಲದೆ ನುಂಗಿದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು.

ಒಂದು ಮುಖ್ಯ ವಿಷಯ ನೀವು ಬರೆದಿಲ್ಲ. ಮಲದಲ್ಲಿ ರಕ್ತ ಕಂಡಿದೆಯಾ? ಕಪ್ಪಗೆ ಟಾರಿನ ಹಾಗೆ ಹೋಗಿದೆಯಾ? ತೂಕ ತಾನಾಗಿ ಇಳಿಯುತ್ತಿದೆಯಾ? ಹೊಟ್ಟೆನೋವಿಗೆ ರಾತ್ರಿ ಎಚ್ಚರ ಆಗುತ್ತದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ನನ್ನ ಸಲಹೆ ಪಕ್ಕಕ್ಕಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.

ಪ್ರತಿಕ್ರಿಯೆ (ಹೊನ್ನಾವರ):
ಹಸಿ ಮೊಟ್ಟೆ ಕುಡಿದರೆ ಪೂರ್ತಿ ಪ್ರೊಟೀನ್ ಸಿಗುತ್ತದೆ ಅಂತಾರಲ್ಲ? ನಾನು ದಿನಾ ನಾಲ್ಕು ಕುಡಿತೇನೆ.

ಉತ್ತರ:
ಉಲ್ಟಾ. ಬೇಯಿಸಿದ ಮೊಟ್ಟೆಯ ಪ್ರೊಟೀನ್ ಶೇಕಡಾ 90ರಷ್ಟು ಅರಗಿದರೆ ಹಸಿಯದ್ದು ಅರ್ಧದಷ್ಟು ಮಾತ್ರ. ಉಳಿದರ್ಧ ಎಲ್ಲಿಗೆ ಹೋಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ. ಬೇಯಿಸಿ ತಿನ್ನಿ.

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿ):
ನಾವು ಸಸ್ಯಾಹಾರಿಗಳು. ನನಗೆ 54 ವರ್ಷ, 58 ಕೆಜಿ. ಮಂಡಿನೋವಿಗೆ ತೋರಿಸಿದಾಗ ಡಾಕ್ಟರು ಪ್ರೊಟೀನ್ ಜಾಸ್ತಿ ತಗೊಳ್ಳಿ ಅಂದರು. ಮಗಳು ಹೇಳಿದಳು ಅಂತ ಬೆಳಿಗ್ಗೆ ದೊಡ್ಡ ಬಟ್ಟಲು ಹಸಿ ಮೊಳಕೆಕಾಳು, ರಾತ್ರಿ ಸೋಯಾ ಚಂಕ್ಸ್ ತಿನ್ನೋಕೆ ಶುರು ಮಾಡಿದೆ. ರಾತ್ರಿ ಹೊಟ್ಟೆ ಡೋಲಿನ ಹಾಗೆ ಆಗ್ತದೆ. ಮಜ್ಜಿಗೆ, ತಂಬುಳಿ ದಿನಾ ಇದೆ. ಅದರಲ್ಲಿ ಪ್ರೊಟೀನ್ ಬರುವುದಿಲ್ವಾ?

ಉತ್ತರ:
ಅಮ್ಮಾ, ಕೊನೆಯದ್ದನ್ನು ಮೊದಲು ಹೇಳುತ್ತೇನೆ. ದೊಡ್ಡಪತ್ರೆ ತಂಬುಳಿ ಹೊಟ್ಟೆಗೆ ಹಿತ, ನನಗೂ ಇಷ್ಟ. ಆದರೆ ಪ್ರೊಟೀನ್ ಲೆಕ್ಕಕ್ಕೆ ಬರುವುದಿಲ್ಲ. ಗಟ್ಟಿ ಮೊಸರಿನಲ್ಲೇ 100 ಗ್ರಾಂಗೆ ಮೂರು ಗ್ರಾಂ ಚಿಲ್ಲರೆ. ಅದಕ್ಕೆ ನಾಲ್ಕು ಪಾಲು ನೀರು ಸೇರಿಸಿದ ಮೇಲೆ ಏನು ಉಳಿಯುತ್ತದೆ ಹೇಳಿ. ಮೊಸರನ್ನು ಮೊಸರಾಗಿಯೇ ಒಂದು ಬಟ್ಟಲು ತಿನ್ನಿ. ಹೆಪ್ಪಾಗುವಾಗ ಲ್ಯಾಕ್ಟೋಸ್ ಒಂದಿಷ್ಟು ಕರಗಿ ಹೋಗಿರುತ್ತದೆ, ಹಾಲು ಆಗದವರಿಗೂ ಮೊಸರು ಆಗುತ್ತದೆ.

ಕಾಳಿನ ವಿಷಯ ಬೇರೆ. ಅದರಲ್ಲಿ ರ್‍ಯಾಫಿನೋಸ್, ಸ್ಟ್ಯಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಮನುಷ್ಯರಲ್ಲಿ ಯಾರಿಗೂ ಇಲ್ಲ. ಹಾಗೇ ಕೆಳಗಿಳಿದು ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ ಆಗುತ್ತವೆ. ಅದಕ್ಕೇ ಕಾಳನ್ನು ರಾತ್ರಿ ಇಡೀ ನೆನೆಸಿ ಆ ನೀರನ್ನು ಚೆಲ್ಲಬೇಕು. ಸತ್ವ ಹೋಗುತ್ತದೆ ಅಂತ ಅದೇ ನೀರಲ್ಲಿ ಬೇಯಿಸುವವರನ್ನು ನೋಡಿದ್ದೇನೆ, ಹೊಟ್ಟೆ ಉಬ್ಬುವವರು ಹಾಗೆ ಮಾಡಬಾರದು. ಮೊಳಕೆ ಬಂದರೆ ಈ ಸಕ್ಕರೆ ಇನ್ನೂ ಇಳಿಯುತ್ತದೆ. ಆದರೂ ಹಸಿಯಾಗಿ ಬೇಡ. ಮೊಳಕೆ ಬರುವ ಆ ತೇವ, ಆ ಬಿಸಿ ರೋಗಾಣುಗಳಿಗೂ ಬಹಳ ಇಷ್ಟ. ಹಬೆಯಲ್ಲಿ ಬೇಯಿಸಿ ಉಸಲಿ ಮಾಡಿ, ಶುಂಠಿ, ಇಂಗು ಹಾಕಿ.

ದೊಡ್ಡ ಬಟ್ಟಲಿನಿಂದ ಶುರು ಮಾಡಿದ್ದೇ ತಪ್ಪಾಗಿದ್ದು. ಎರಡು ದೊಡ್ಡ ಚಮಚದಿಂದ ಶುರು ಮಾಡಿ, ಮೂರು ವಾರದಲ್ಲಿ ಒಂದು ಬಟ್ಟಲಿಗೆ ಬನ್ನಿ. ಹೆಸರುಕಾಳಿನಿಂದ ಆರಂಭಿಸಿ, ಅದು ಹಗುರ. ಕಡಲೆ, ಹುರುಳಿ ಆಮೇಲೆ. ಸೋಯಾ ಚಂಕ್ಸ್ ಒಣಗಿದ್ದು 100 ಗ್ರಾಂನಲ್ಲಿ 50 ಗ್ರಾಂ ಪ್ರೊಟೀನ್ ಇದೆ, ನಿಮಗೆ ದಿನಕ್ಕೆ 20 ಗ್ರಾಂ ಚಂಕ್ಸ್ ಸಾಕು. ಬಿಸಿನೀರಲ್ಲಿ ನೆನೆಸಿ, ಗಟ್ಟಿಯಾಗಿ ಹಿಂಡಿ, ಆ ನೀರು ಚೆಲ್ಲಿ. ರಾತ್ರಿ ಬೇಡ, ಮಧ್ಯಾಹ್ನಕ್ಕೆ ಮಾಡಿ. ಒಟ್ಟು ಗುರಿ ದಿನಕ್ಕೆ 58ರಿಂದ 65 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಈ ಲೆಕ್ಕ ಹಿಡಿಯಬೇಡಿ, ಡಾಕ್ಟರನ್ನೇ ಕೇಳಿ.

ಪ್ರತಿಕ್ರಿಯೆ (ಸಿದ್ದಾಪುರ):
ಊಟ ಆದ ಮೇಲೆ ಒಂದು ಕವಳ (ಎಲೆ ಅಡಿಕೆ) ಹಾಕಿದರೆ ಎಲ್ಲ ಅರಗ್ತದೆ. ಇಷ್ಟೆಲ್ಲ ಲೆಕ್ಕ ಯಾಕೆ ಬೇಕು?

ಉತ್ತರ:
ಅಡಿಕೆ ಬೆಳೆಯುವ ಊರಿನವರಿಗೆ ಇದನ್ನು ಹೇಳುವುದು ಕಷ್ಟ, ನನ್ನ ತವರಿನಲ್ಲೂ ತೋಟ ಇದೆ. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ತಂಬಾಕು ಇಲ್ಲದಿದ್ದರೂ. ಜೀರ್ಣಕ್ಕೆ ಅಂತ ನಾನು ಬರೆದುಕೊಡುವುದಿಲ್ಲ. ಸೋಂಪು ಜಗಿಯಿರಿ.

ಪ್ರಶ್ನೆ (ಅಂಕೋಲಾ):
ಪ್ರೊಟೀನಿಗೆ ಅಂತ ದಿನಾ ಬಂಗುಡೆ ತಿಂತಿದ್ದೆ. ಹೋದ ವಾರ ಊಟ ಆಗಿ ಅರ್ಧ ಗಂಟೆಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು, ಭೇದಿ. ಸಂಜೆಗೆ ಸರಿಹೋಯ್ತು. ಮನೆಯಲ್ಲಿ ಅದೇ ಮೀನು ತಿಂದ ತಮ್ಮನಿಗೂ ಹಾಗೇ ಆಯ್ತು. ಮೊದಲು ಯಾವತ್ತೂ ಹೀಗೆ ಆಗಿರಲಿಲ್ಲ. ಅಲರ್ಜಿನಾ?

ಉತ್ತರ:
ಇಬ್ಬರಿಗೂ ಒಟ್ಟಿಗೆ ಆಯ್ತು ಅಂದರೆ ಮೀನಿನದ್ದೇ ದೋಷ ಇರುವ ಸಾಧ್ಯತೆ ಜಾಸ್ತಿ. ಬಂಗುಡೆ, ತಾರ್ಲೆ, ಸೂರೆ ಇಂಥ ಮೀನುಗಳನ್ನು ಹಿಡಿದ ಮೇಲೆ ಬೇಗ ಐಸ್ ಹಾಕದಿದ್ದರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ಮಾಡುತ್ತವೆ. ಅಲರ್ಜಿಯಲ್ಲಿ ನಮ್ಮ ಮೈಯೇ ಬಿಡುಗಡೆ ಮಾಡುವುದೂ ಇದನ್ನೇ, ಅದಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಒಮ್ಮೆ ಹಿಸ್ಟಮಿನ್ ಆಯ್ತೆಂದರೆ ಎಷ್ಟು ಕುದಿಸಿದರೂ, ಹುರಿದರೂ ಹೋಗುವುದಿಲ್ಲ. ಹುಳಿ, ಖಾರ ಜಾಸ್ತಿ ಹಾಕಿದರೂ ಅಷ್ಟೇ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಇನ್ನೂ ಹುಷಾರಾಗಿರಿ. ಆಗ ಹೊರಗಿನಿಂದ ಬರುವ ಮೀನು ಎಷ್ಟು ದಿನ ದಾರಿಯಲ್ಲಿತ್ತೋ ನಮಗೆ ಗೊತ್ತಾಗುವುದಿಲ್ಲ. ಕಣ್ಣು ಗುಳಿ ಬಿದ್ದ, ಒತ್ತಿದರೆ ಬೆರಳಿನ ಗುರುತು ಉಳಿಯುವ ಮೀನು ಅಗ್ಗಕ್ಕೆ ಕೊಟ್ಟರೂ ಬೇಡ. ಇನ್ನೊಮ್ಮೆ ಹೀಗಾಗಿ ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ ಸಂಜೆ ತನಕ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಯೂರಿಕ್ ಆಸಿಡ್ ಏರಿದವರು ದಿನಾ ತಾರ್ಲೆ, ಬಂಗುಡೆ ತಿನ್ನುವುದನ್ನೂ ಕಡಿಮೆ ಮಾಡಿ.

ಪ್ರಶ್ನೆ (ಭಟ್ಕಳ):
ಪೌಡರ್ ಬೇಡ ಅಂತ ಪ್ರೊಟೀನ್ ಬಾರ್ ತಿಂತಿದ್ದೇನೆ. ಎರಡು ತಿಂದ ದಿನ ಭೇದಿ. ಹಾಲು ನಾನು ಕುಡಿಯೋದೇ ಇಲ್ಲ.

ಉತ್ತರ:
ಪೊಟ್ಟಣದ ಹಿಂಭಾಗ ಓದಿ. ಮಾಲ್ಟಿಟಾಲ್, ಸಾರ್ಬಿಟಾಲ್ ಅಂತ ಇದ್ದರೆ ಅದೇ ಕಾರಣ. ಸಕ್ಕರೆ ಹಾಕಿಲ್ಲ ಅಂತ ಬರೆದುಕೊಳ್ಳೋಕೆ ಹಾಕುವ ಸಿಹಿ ಅದು. ಜಾಸ್ತಿ ಆದರೆ ಕರುಳಿಗೆ ನೀರು ಎಳೆದುಕೊಳ್ಳುತ್ತದೆ. ಅದೇ ದುಡ್ಡಿಗೆ ಒಂದು ಹಿಡಿ ಹುರಿದ ಶೇಂಗಾ, ಎರಡು ಬೇಯಿಸಿದ ಮೊಟ್ಟೆ ಬರುತ್ತದೆ.

ಮೊದಲ ಪ್ರಶ್ನೆ ಕೇಳಿದವರು, ಮೂರು ವಾರದ ನಂತರ:
ಮೇಡಂ, ಹಾಲು ಬಿಟ್ಟ ನಾಲ್ಕನೇ ದಿನಕ್ಕೇ ಉಬ್ಬರ ಅರ್ಧ ಇಳಿಯಿತು. ಪರೀಕ್ಷೆ ಮಾಡೋಣ ಅಂತ ಒಂದು ಭಾನುವಾರ ಮತ್ತೆ ಅರ್ಧ ಲೀಟರ್ ಕುಡಿದೆ. ಸಂಜೆಗೆ ವಾಪಸ್ ಬಂತು. ಮೊಸರು ತಿಂದರೆ ಏನೂ ಆಗುವುದಿಲ್ಲ. ವಾಸನೆ ಹೋಗೋಕೆ ಎರಡು ವಾರ ಹಿಡಿಯಿತು. ಟ್ರೇನರ್‌ಗೆ 115 ಗ್ರಾಂ ಅಂದೆ, ನಕ್ಕರು. ಎತ್ತುವ ಭಾರ ಮಾತ್ರ ಕಡಿಮೆ ಆಗಿಲ್ಲ.

ನೀವು ರಕ್ತದ ಬಗ್ಗೆ ಕೇಳಿದ್ದಿರಿ. ಆವಾಗ ನಾಚಿಕೆಯಿಂದ ಬರೆಯಲಿಲ್ಲ. ಎರಡು ಸಲ ಕೆಂಪು ಹನಿ ಕಂಡಿತ್ತು. ಮೂಲವ್ಯಾಧಿ ಇರಬೇಕು ಅಂತ ನಾನೇ ಅಂದುಕೊಂಡು ಮೆಡಿಕಲ್ ಶಾಪಿನಿಂದ ಮುಲಾಮು ತಂದಿದ್ದೆ.

ಉತ್ತರ:
ಇರಬಹುದು. ಆದರೆ ಅದನ್ನು ಹೇಳಬೇಕಾದವರು ನೀವೂ ಅಲ್ಲ, ನಾನೂ ಅಲ್ಲ. ರಕ್ತ ನಿಂತಿದ್ದರೂ ಒಮ್ಮೆ ಡಾಕ್ಟರಿಗೆ ತೋರಿಸಿ. ಈ ವಾರವೇ.

ಅವರೇ, ನಾಲ್ಕು ದಿನದ ನಂತರ:
ತೋರಿಸಿದೆ. ಫಿಶರ್ ಅಂದರು. ಗಟ್ಟಿ ಮಲದಿಂದ ಚರ್ಮ ಸೀಳಿದ್ದಂತೆ, ಈಗ ಮಾಯುತ್ತಾ ಇದೆಯಂತೆ. ಮುಲಾಮು ಬದಲಿಸಿದರು, ದಿನಾ ಎರಡು ಹೊತ್ತು ಬಿಸಿನೀರಿನ ಟಬ್ಬಿನಲ್ಲಿ ಕೂರಬೇಕಂತೆ. ತಿಂಗಳು ಬಿಟ್ಟು ಮತ್ತೆ ಬರೋಕೆ ಹೇಳಿದ್ದಾರೆ. ಅಲ್ಲಿ ತನಕ ಸ್ಕ್ವಾಟ್ಸ್ ಬೇಡ ಅಂದರು. ಗಂಜಿ ಶುರು ಮಾಡಿದ್ದೇನೆ.